ಹಿಂದಿನ ಗಾಜಿಲ್ಲದ ಕಾರು

ಭಾನುವಾರ ಬೆಳಿಗ್ಗೆ 6 ಗಂಟೆ 12 ನಿಮಿಷಕ್ಕೆ ಚಿಕ್ಕಪ್ಪ ಕುಟುಂಬದ ಗುಂಪಿಗೆ ಒಂದು ಫೋಟೋ ಹಾಕಿದರು. ಗುಲಾಬಿ ಬಣ್ಣದ ಉದ್ದನೆಯ ಕಾರು, ಎರಡೇ ಬಾಗಿಲು, ಕೂಪೆ ಅಂತಾರಲ್ಲ ಅದು. ಮೇಲೆ ಜೋಡಿ ಬಾಣದ ಗುರುತು, ಅಂದರೆ ಎಷ್ಟೋ ಕೈ ದಾಟಿ ಬಂದದ್ದು. ಕೆಳಗೆ ಹೀಗೆ ಬರೆದಿತ್ತು:

"ಶಾಕಿಂಗ್!! ಇದೇ ಜಾಗ್ವಾರ್ ಹೊಸ ಕೂಪೆ ಕಾರು. ಡಿಸೈನ್ ನೋಡಿ ಗಿರಾಕಿಗಳು ಓಡಿಹೋದರು. ಮಾರಾಟ 97% ಕುಸಿತ!! ಕಾರು ಪ್ರೇಮಿಗಳ ಶಾಪ ಸುಮ್ಮನೆ ಬಿಡುತ್ತಾ? ಕನಿಷ್ಠ 10 ಜನರಿಗೆ ಕಳಿಸಿ."

ಅದರ ಕೆಳಗೆ ಚಿಕ್ಕಪ್ಪನ ಸ್ವಂತ ಮಾತು ಒಂದೇ ಸಾಲು: "ನಾನು ಅವತ್ತೇ ಹೇಳಿದ್ದೆ."

ಯಾವತ್ತು ಹೇಳಿದ್ದರು, ಯಾರಿಗೆ ಹೇಳಿದ್ದರು ಅಂತ ಯಾರೂ ಕೇಳಲಿಲ್ಲ. ಚಿಕ್ಕಪ್ಪ ಎಲ್ಲವನ್ನೂ ಅವತ್ತೇ ಹೇಳಿರುತ್ತಾರೆ.

ಮೊದಲು ಬಂದವರು ದೊಡ್ಡಮ್ಮ. ಅವರಿಗೆ ಕಾರು ಅಂದರೆ ಹತ್ತೋಕೆ ಇಳಿಯೋಕೆ ಸುಲಭ ಇರಬೇಕು, ಅಷ್ಟೇ. ಆದರೂ ಬರೆದರು: "ದುಡ್ಡು ಜಾಸ್ತಿ ಆದ್ರೆ ಹೀಗೇ. ಇದ್ದದ್ದನ್ನ ಇದ್ದ ಹಾಗೆ ಉಳಿಸಿಕೊಳ್ಳೋ ಬುದ್ಧಿ ಈಗಿನವರಿಗಿಲ್ಲ. ಹಿರಿಯರು ಮಾಡಿಟ್ಟದ್ದನ್ನ ಕಳೆಯೋದರಲ್ಲಿ ಮುಂದು." ಇದು ಜಾಗ್ವಾರ್ ಕಂಪನಿಗೆ ಹೇಳಿದ್ದೋ, ಗುಂಪಿನಲ್ಲಿರೋ ಯಾರಿಗೋ ಹೇಳಿದ್ದೋ ಗೊತ್ತಾಗಲಿಲ್ಲ. ದೊಡ್ಡಮ್ಮನ ಮಾತು ಯಾವಾಗಲೂ ಹಾಗೆ. ಯಾರ ಕಾಲಿಗೆ ಸರಿಹೋಗುತ್ತೋ ಅವರೇ ಹಾಕಿಕೊಳ್ಳಬೇಕು.

ಗುಂಡ ಎದ್ದದ್ದು ಎಂಟೂವರೆಗೆ. ಅವನು ಅತ್ತೆಯ ಮಗ, ನನ್ನ ಓರಗೆಯವನು. "ಇದು ಕಾರಾ ಮಾವ? ಪೆನ್ಸಿಲ್ ಡಬ್ಬಿಯಲ್ಲಿರೋ ರಬ್ಬರ್ ಇದ್ದ ಹಾಗಿದೆ." ಆರು ಜನ ನಗುವ ಮುಖ ಒತ್ತಿದರು. ಚಿಕ್ಕಪ್ಪನೂ ಒತ್ತಿದರು. ಅಲ್ಲಿಗೇ ನಿಂತಿದ್ದರೆ ಆ ಭಾನುವಾರ ಚೆನ್ನಾಗಿಯೇ ಕಳೆಯುತ್ತಿತ್ತು.

ಅಷ್ಟರಲ್ಲಿ ಭಾವ ಬಂದರು. "ಮಾವ, ಇದರ ಸೋರ್ಸ್ ಯಾವುದು?"

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಲೆಕ್ಕದ ಮನುಷ್ಯ. ಯಾರಾದರೂ ಶುಭೋದಯ ಅಂತ ಹಾಕಿದರೂ ಗಡಿಯಾರ ನೋಡಿಕೊಂಡೇ ಉತ್ತರ ಕೊಡುವವರು. ಚಿಕ್ಕಪ್ಪ ಉತ್ತರಿಸಲಿಲ್ಲ. ಹತ್ತು ನಿಮಿಷ ಕಾದು ಭಾವನೇ ಉದ್ದಕ್ಕೆ ಬರೆದರು. ಅಷ್ಟೂ ಹಾಕುವುದಿಲ್ಲ, ಸಾರಾಂಶ ಇಷ್ಟು.

97% ಅನ್ನೋ ಲೆಕ್ಕ ಸುಳ್ಳಲ್ಲ. ಯುರೋಪಿನಲ್ಲಿ 2024ರ ಏಪ್ರಿಲ್‌ನಲ್ಲಿ 1,961 ಜಾಗ್ವಾರ್ ಕಾರುಗಳು ನೋಂದಣಿಯಾಗಿದ್ದವು. 2025ರ ಏಪ್ರಿಲ್‌ನಲ್ಲಿ ಬರೀ 49. ಕೂತು ಲೆಕ್ಕ ಹಾಕಿದರೆ 97.5% ಬರುತ್ತೆ. ಆದರೆ ಅಷ್ಟು ಹೊತ್ತಿಗೆ ಅಲ್ಲಿ ಮಾರೋಕೆ ಹೆಚ್ಚುಕಮ್ಮಿ ಕಾರೇ ಇರಲಿಲ್ಲ. ಪೂರ್ತಿ ಎಲೆಕ್ಟ್ರಿಕ್ ಕಡೆಗೆ ಹೊರಳಬೇಕು ಅಂತ ಕಂಪನಿಯೇ ಹಳೇ ಮಾಡೆಲ್‌ಗಳನ್ನು ಒಂದೊಂದಾಗಿ ನಿಲ್ಲಿಸುತ್ತಾ ಬಂದಿತ್ತು. ಬ್ರಿಟನ್ನಿನಲ್ಲಂತೂ 2024ರ ನವೆಂಬರ್‌ನಲ್ಲೇ ಹೊಸ ಕಾರಿನ ಮಾರಾಟ ನಿಂತಿತ್ತು. ಇನ್ನು ಚಿತ್ರದಲ್ಲಿರುವ ಗುಲಾಬಿ ಕಾರು ಮಾರೋಕೆ ಮಾಡಿದ್ದೇ ಅಲ್ಲ. ಹೆಸರು ಟೈಪ್ 00. ಅದು ಕಾನ್ಸೆಪ್ಟ್ ಕಾರು, ಅಂದರೆ ಬರೀ ಪ್ರದರ್ಶನದ ಮಾದರಿ. 2024ರ ಡಿಸೆಂಬರ್‌ನಲ್ಲಿ ಮಿಯಾಮಿಯಲ್ಲಿ ತೋರಿಸಿದ್ದು. ರಸ್ತೆಗೆ ಬರಬೇಕಾದದ್ದು ನಾಲ್ಕು ಬಾಗಿಲಿನ ಬೇರೆ ಕಾರು.

ಕೊನೆಯಲ್ಲಿ ಬರೆದಿದ್ದರು: "ಅಂಗಡಿ ಬಾಗಿಲು ಹಾಕಿ ಬೀಗ ಜಡಿದ ಮೇಲೆ, ವ್ಯಾಪಾರ ಬಿತ್ತು ಅಂದ್ರೆ ಹೇಗೆ?"

ಇದಕ್ಕೆ ಚಿಕ್ಕಪ್ಪನ ಉತ್ತರ: "ಅಳಿಯಂದ್ರೇ, 97% ನಿಜ ಅಂತ ನೀವೇ ಒಪ್ಪಿಕೊಂಡ್ರಲ್ಲ. ಸಂತೋಷ."

ಭಾವ ಬರೆದ ಇಪ್ಪತ್ತು ಸಾಲಿನಲ್ಲಿ ಚಿಕ್ಕಪ್ಪ ಓದಿದ್ದು ಮೊದಲನೆಯದು ಮಾತ್ರ ಅಂತ ಗೊತ್ತಾಯಿತು. ಉಳಿದವರು ಅದನ್ನೂ ಓದಿರಲಿಲ್ಲ.

ಆಮೇಲೆ ಚಿಕ್ಕಪ್ಪ ತಮ್ಮ ಸಂಕಟ ಹೇಳಿಕೊಂಡರು. ಅದೇನೂ ನಾಟಕವಲ್ಲ. ಜಾಗ್ವಾರನ್ನು ಟಾಟಾ ಮೋಟಾರ್ಸ್ ಫೋರ್ಡ್‌ನಿಂದ ಕೊಂಡದ್ದು 2008ರಲ್ಲಿ. ಅವತ್ತಿನ ಪೇಪರ್ ಕತ್ತರಿಸಿ ಇಟ್ಟುಕೊಂಡವರು ಅವರು. ಜೀವನದಲ್ಲಿ ಒಂದೇ ಒಂದು ಸಲವೂ ಜಾಗ್ವಾರ್ ಒಳಗೆ ಕೂತವರಲ್ಲ. ಆದರೂ ಅದು ಅವರದ್ದೇ. "ಇ-ಟೈಪ್ ಮಾಡಿದ ಕಂಪನಿ ಇದು. ಫೆರಾರಿ ಕಾರು ಕಂಪನಿ ಕಟ್ಟಿದ ಎನ್ಜೋ ಫೆರಾರಿಯೇ ಹೇಳಿದ್ದಾರೆ, ಪ್ರಪಂಚದಲ್ಲಿ ಇದಕ್ಕಿಂತ ಚೆಂದದ ಕಾರಿಲ್ಲ ಅಂತ. ಆ ಹೊಟ್ಟೆಯಲ್ಲಿ ಇದು ಹುಟ್ಟಬೇಕಾ?"

ಭಾವ: "ಎಲ್ಲಿ ಹೇಳಿದ್ದಾರೆ? ಯಾವಾಗ?"

ಚಿಕ್ಕಪ್ಪ: "ಎಲ್ಲರಿಗೂ ಗೊತ್ತಿರೋದಕ್ಕೆ ಸೋರ್ಸ್ ಬೇಕಾ?"

ಈ ವಿಷಯದಲ್ಲಿ ನಾನು ಭಾವನ ಕಡೆ. ಆ ಮಾತನ್ನು ಎಲ್ಲರೂ ಬರೆಯುತ್ತಾರೆ, ಎಲ್ಲಿ ಹೇಳಿದರು ಅಂತ ಮಾತ್ರ ಯಾರೂ ಬರೆಯುವುದಿಲ್ಲ. ಆದರೆ ಇ-ಟೈಪ್ ಚೆಂದ ಅನ್ನೋದಕ್ಕೆ ಫೆರಾರಿಯವರ ಸಾಕ್ಷಿ ಯಾಕೆ ಬೇಕು? 1961ರಲ್ಲಿ ಜಿನೀವಾದ ಕಾರು ಪ್ರದರ್ಶನದಲ್ಲಿ ಬಂದ ಕಾರು ಅದು. ರೂಪ ಕೊಟ್ಟ ಮಾಲ್ಕಮ್ ಸೇಯರ್ ವಿಮಾನದ ಕಂಪನಿಯಲ್ಲಿ ಕೆಲಸ ಮಾಡಿ ಬಂದವರು. ಗಾಳಿ ಹೇಗೆ ಸರಿದು ಹೋಗುತ್ತೆ ಅನ್ನೋ ಲೆಕ್ಕದ ಮೇಲೆ ಗೆರೆ ಎಳೆಯುತ್ತಿದ್ದರು. ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಂನಲ್ಲಿ ಒಂದು ಇ-ಟೈಪನ್ನು ಶಿಲ್ಪದ ಹಾಗೆ ಇಟ್ಟುಕೊಂಡಿದ್ದಾರೆ.

ಹನ್ನೊಂದು ಗಂಟೆಗೆ ಪುಟ್ಟಿ ಬಂದಳು. ಚಿಕ್ಕಪ್ಪನ ಮಗಳು, ಡಿಸೈನ್ ಓದುತ್ತಿದ್ದಾಳೆ. ಅವಳು ಗುಂಪಿನಲ್ಲಿ ಬಾಯಿ ಬಿಡೋದೇ ಕಮ್ಮಿ. ಬಿಟ್ಟರೆ ಅಪ್ಪನ ವಿರುದ್ಧವೇ.

"ನನಗೆ ಇಷ್ಟ ಆಯ್ತು."

ಎರಡು ನಿಮಿಷ ಗುಂಪು ಮೌನ. ಆಮೇಲೆ ಚಿಕ್ಕಪ್ಪ: "ಏನು ಇಷ್ಟ ಆಯ್ತು ಅಂತ ಹೇಳಮ್ಮ. ನಾವೂ ಕಲಿಯೋಣ."

ಪುಟ್ಟಿ ವಾಯ್ಸ್ ಮೆಸೇಜ್ ಕಳಿಸಿದಳು. ಮೂರು ನಿಮಿಷ ನಲವತ್ತು ಸೆಕೆಂಡು. ಅದನ್ನು ಪೂರ್ತಿ ಕೇಳಿದವನು ನಾನೊಬ್ಬನೇ ಅನ್ನಿಸುತ್ತೆ. ಕಾರಿನ ಮುಂದಿನ ಚಕ್ರದಿಂದ ಬಾಗಿಲಿನವರೆಗಿನ ದೂರ ನೋಡಿ ಅಂದಳು. ಆ ದೂರ ಜಾಸ್ತಿ ಇದ್ದಷ್ಟೂ ಕಾರು ದುಬಾರಿಯಾಗಿ ಕಾಣುತ್ತೆ. ಹಿಂದೆ ಉದ್ದನೆಯ ಎಂಜಿನ್ ಕೂರಿಸೋಕೆ ಅಷ್ಟು ಜಾಗ ಬೇಕಿತ್ತು, ಕಣ್ಣಿಗೆ ಅದೇ ಅಭ್ಯಾಸವಾಯಿತು. ಎಲೆಕ್ಟ್ರಿಕ್ ಕಾರಿನ ಕಷ್ಟ ಬೇರೆ. ಬ್ಯಾಟರಿ ನೆಲದಡಿ ಹಾಸಿರುತ್ತಾರೆ, ಅದರಿಂದ ಮೈ ದಪ್ಪವಾಗುತ್ತೆ. ಆ ದಪ್ಪ ಕಾಣಬಾರದು ಅಂತ ಚಕ್ರ ದೊಡ್ಡದು ಮಾಡುತ್ತಾರೆ. ಇದರಲ್ಲಿ 23 ಇಂಚಿನ ಚಕ್ರ. ಮೈ ಮೇಲೆ ಸುಮ್ನೆ ಗೆರೆ ಎಳೆದು ಮಡಿಕೆ ಮಾಡಿಲ್ಲ. ಇದ್ದದ್ದನ್ನು ತೆಗೆಯೋಕೆ ಧೈರ್ಯ ಬೇಕು ಅಂದಳು.

ನಾನು ಆ ಫೋಟೋವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿದೆ. ಪಕ್ಕದಿಂದ ನೋಡಿದರೆ ಪುಟ್ಟಿ ಹೇಳಿದ್ದು ನಿಜ. ಬಾನೆಟ್ ಮುಗಿಯೋದೇ ಇಲ್ಲ. ಮುಂದಿನ ಮಡ್‌ಗಾರ್ಡಿನ ಮೇಲೆ ಹಿತ್ತಾಳೆಯ ಒಂದು ಪುಟ್ಟ ಪಟ್ಟಿ, ಅದರಲ್ಲಿ ಹಾರುವ ಜಾಗ್ವಾರ್ ಗುರುತು, ಒಳಗೆ ಕ್ಯಾಮೆರಾ ಬಚ್ಚಿಟ್ಟಿದ್ದಾರೆ. ಅದು ಚೆಂದ. ಆದರೆ ಮುಖಕ್ಕೆ ಬಂದರೆ ಅಡ್ಡಗೆರೆ, ಅಡ್ಡಗೆರೆ, ಅಡ್ಡಗೆರೆ. ಏಸಿಯ ಬಾಯಿ ಇದ್ದ ಹಾಗೆ. ಹಿಂದೆಯೂ ಅದೇ. ನನ್ನ ಅಭಿಪ್ರಾಯ ಯಾರೂ ಕೇಳಲಿಲ್ಲ, ಇಲ್ಲೇ ಹೇಳಿಬಿಡುತ್ತೇನೆ: ಪಕ್ಕದಿಂದ ಕುದುರೆ, ಹಿಂದಿನಿಂದ ಬೀರು.

ಚಿಕ್ಕಪ್ಪ ಮಗಳ ವಾಯ್ಸ್ ಮೆಸೇಜಿಗೆ ಒಳ್ಳೆಯ ಪ್ರಶ್ನೆಯನ್ನೇ ಹಾಕಿದರು. "ಎಂಜಿನ್ನೇ ಇಲ್ಲ ಅಂದ ಮೇಲೆ ಅಷ್ಟುದ್ದ ಬಾನೆಟ್ ಯಾಕೆ? ಒಳಗೆ ಏನಿಡ್ತಾರೆ?"

ಪುಟ್ಟಿ: "ನೀವು ಆಫೀಸಿಗೆ ಟೈ ಯಾಕೆ ಕಟ್ತಿದ್ರಿ ಅಪ್ಪಾ? ಅದರಲ್ಲಿ ಏನಿಡ್ತಿದ್ರಿ?"

ದೊಡ್ಡಮ್ಮ ಕೂಡಲೇ: "ಪುಟ್ಟಿ, ಅಪ್ಪನ ಹತ್ರ ಮಾತಾಡೋ ರೀತಿ ಅದಲ್ಲ."

ಚಿಕ್ಕಪ್ಪ: "ಬಿಡಿ ಅತ್ತಿಗೆ. ಹೆತ್ತವರಿಗೆ ಹೆಗ್ಗಣ ಮುದ್ದು. ಆ ಡಿಸೈನ್ ಮಾಡಿದವರಿಗೂ ಅಷ್ಟೇ, ನನಗೂ ಅಷ್ಟೇ."

ಮಗಳನ್ನು ಹೆಗ್ಗಣ ಅಂದರೋ, ಕಾರನ್ನು ಅಂದರೋ? ಪುಟ್ಟಿ ಒಂದು ಗಂಟೆ ಕಾಣಿಸಲಿಲ್ಲ.

ಆ ಒಂದು ಗಂಟೆ ಗುಂಡನದ್ದು. ಅವನು ಅದೆಲ್ಲಿಂದಲೋ 2020ರ ಬಿಎಂಡಬ್ಲ್ಯೂ 4 ಸೀರೀಸ್ ಕೂಪೆಯ ಫೋಟೋ ತಂದು ಹಾಕಿದ. ಮೂತಿಯ ತುಂಬ ಎರಡು ಉದ್ದನೆಯ ಗ್ರಿಲ್. ಚಿಕ್ಕಪ್ಪ ಅದನ್ನು ಮೊಲದ ಹಲ್ಲು ಅಂದರು. ಭಾವ, ಆ ಗ್ರಿಲ್ ಹೊಸದಲ್ಲ, 1930ರ ದಶಕದ ಬಿಎಂಡಬ್ಲ್ಯೂ 328ರಲ್ಲೂ ಉದ್ದಕ್ಕೇ ಇತ್ತು ಅಂದರು. ಗುಂಡನಿಗೆ ಏನನ್ನಿಸಿತೋ, "ಓಕೆ ಬೂಮರ್" ಅಂತ ಹಾಕಿದ. ಹಳೇ ತಲೆಮಾರಿನವರ ಬಾಯಿ ಮುಚ್ಚಿಸೋಕೆ ಹುಡುಗರು ಹೇಳೋ ಮಾತು ಅದು. ಯಾರಿಗೆ ಅಂತ ಇಲ್ಲ. ಚಿಕ್ಕಪ್ಪ ತಮಗೇ ಅಂದುಕೊಂಡರು. ಭಾವನೂ ತಮಗೇ ಅಂದುಕೊಂಡರು. ದೊಡ್ಡಮ್ಮ "ಬೂಮರ್ ಅಂದ್ರೇನು? ಚೂಯಿಂಗ್ ಗಮ್ಮಾ?" ಅಂತ ಕೇಳಿದರು.

ಅದಕ್ಕೂ ಭಾವನ ಹತ್ತಿರ ಕತೆ ಇತ್ತು. 2020ರಲ್ಲಿ ಬಿಎಂಡಬ್ಲ್ಯೂ ತನ್ನ ಐಎಕ್ಸ್ ಅನ್ನೋ ಎಲೆಕ್ಟ್ರಿಕ್ ಕಾರನ್ನು ಬೈದವರಿಗೆ ಟ್ವಿಟರ್‌ನಲ್ಲಿ ಇದೇ ಎರಡು ಪದ ಎಸೆದಿತ್ತಂತೆ. ದುಡ್ಡು ಕೊಟ್ಟು ಕಾರು ಕೊಳ್ಳುವವರೇ ಆ ವಯಸ್ಸಿನವರು. ಅವರು ಸುಮ್ಮನಿರುತ್ತಾರಾ? ಕೊನೆಗೆ ಕಂಪನಿ ಕ್ಷಮೆ ಕೇಳಬೇಕಾಯಿತು. "ಅಷ್ಟು ದೊಡ್ಡ ಕಂಪನಿಯೇ ಕ್ಷಮೆ ಕೇಳಿದೆ ಗುಂಡ. ನೀನೂ ಕೇಳಬಹುದು," ಅಂದರು ಭಾವ. ಇಡೀ ದಿನದಲ್ಲಿ ಚಿಕ್ಕಪ್ಪ ಭಾವನ ಮೆಸೇಜಿಗೆ ಹೆಬ್ಬೆರಳು ಒತ್ತಿದ್ದು ಇದೊಂದಕ್ಕೇ.

ಗುಂಡ ಕ್ಷಮೆ ಕೇಳಲಿಲ್ಲ. ಮೆಸೇಜ್ ಅಳಿಸಿದ.

ಮಧ್ಯಾಹ್ನ ಪುಟ್ಟಿ ವಾಪಸ್ ಬಂದಳು. ಈ ಸಲ ತಯಾರಿ ಮಾಡಿಕೊಂಡೇ ಬಂದಿದ್ದಳು. "ಅಪ್ಪಾ, 1975ರಲ್ಲಿ ಇ-ಟೈಪ್ ಜಾಗಕ್ಕೆ ಎಕ್ಸ್‌ಜೆ-ಎಸ್ ಬಂದಾಗ ಜನ ಇದೇ ಮಾತಾಡಿದ್ರು. ಛಾವಣಿಯಿಂದ ಡಿಕ್ಕಿಯವರೆಗೆ ಇಳಿಯೋ ಆ ಎರಡು ಗೋಡೆ ಯಾಕೆ ಅಂತ ಬೈದ್ರು. ಇ-ಟೈಪ್ ಮಾನ ಕಳೀತು ಅಂದ್ರು. ಆ ಕಾರು 1996ರವರೆಗೆ ನಡೀತು. ಈಗ ಅದರ ಫೋಟೋ ನಿಮ್ಮ ಫೋನಿನ ವಾಲ್‌ಪೇಪರ್!"

ಇದು ಸತ್ಯ. ಚಿಕ್ಕಪ್ಪನ ಫೋನಿನಲ್ಲಿ ಎಕ್ಸ್‌ಜೆ-ಎಸ್ ಇದೆ, ಕಡು ಹಸಿರು. ಅವರು ಅದನ್ನು ಇ-ಟೈಪ್ ಅಂದುಕೊಂಡಿದ್ದಾರೋ ಏನೋ, ಕೇಳುವ ಧೈರ್ಯ ನನಗಿರಲಿಲ್ಲ.

ಭಾವ ಅದಕ್ಕೆ ಒಗ್ಗರಣೆ ಹಾಕಿದರು. 2001ರಲ್ಲಿ ಬಿಎಂಡಬ್ಲ್ಯೂ 7 ಸೀರೀಸ್ ಬಂದಾಗ, ಡಿಕ್ಕಿಯ ಮೇಲೆ ಇನ್ನೊಂದು ಮುಚ್ಚಳ ಇಟ್ಟ ಹಾಗಿದೆ ಅಂತ ಜನ ರೇಗಿದ್ದರು. ಡಿಸೈನ್ ಮುಖ್ಯಸ್ಥ ಕ್ರಿಸ್ ಬ್ಯಾಂಗಲ್ ಅವರನ್ನು ಕೆಲಸದಿಂದ ತೆಗೆಯಿರಿ ಅಂತ ಇಂಟರ್ನೆಟ್ಟಿನಲ್ಲಿ ಸಹಿ ಸಂಗ್ರಹವೇ ನಡೆಯಿತು. ಬ್ಯಾಂಗಲ್ 2009ರವರೆಗೂ ಅಲ್ಲೇ ಇದ್ದರು.

ಚಿಕ್ಕಪ್ಪ ಒಂಟಿಯಾದರು. ಒಂದು ಕಡೆ ಮಗಳು, ಒಂದು ಕಡೆ ಅಳಿಯ. ಅಂಥ ಹೊತ್ತಿನಲ್ಲಿ ಮನುಷ್ಯ ಕೈಗೆ ಸಿಕ್ಕಿದ್ದನ್ನು ಎತ್ತಿಕೊಳ್ಳುತ್ತಾನೆ. ಅವರಿಗೆ ಸಿಕ್ಕಿದ್ದು ಹಿಂದಿನ ಗಾಜು.

"ಅದೆಲ್ಲ ಬಿಡಿ. ಈ ಕಾರಿಗೆ ಹಿಂದೆ ಗಾಜೇ ಇಲ್ಲ. ರಿವರ್ಸ್ ಹೇಗೆ ತಗೊಳ್ಳೋದು?"

ಪ್ರಶ್ನೆ ಸರಿಯಾಗಿಯೇ ಇತ್ತು. ಟೈಪ್ 00ಗೆ ಹಿಂದಿನ ಗಾಜು ಇಲ್ಲ. ಪುಟ್ಟಿ ಸಮಾಧಾನವಾಗಿಯೇ ಉತ್ತರಿಸಿದಳು, ಕ್ಯಾಮೆರಾ ಇರುತ್ತೆ, ಪೋಲ್‌ಸ್ಟಾರ್ 4 ಅನ್ನೋ ಕಾರಿಗೂ ಹಿಂದೆ ಗಾಜಿಲ್ಲ, ಅದು ಆಗಲೇ ರಸ್ತೆಯಲ್ಲಿ ಓಡ್ತಿದೆ, ಒಳಗಿನ ಕನ್ನಡಿಯೇ ಪರದೆ ಅಂತ. ಭಾವನೂ ಸೇರಿಸಿದರು: "ಕೂಪೆ ಅಂದ್ರೇನೇ ಫ್ರೆಂಚ್‌ನಲ್ಲಿ ಕತ್ತರಿಸಿದ್ದು ಅಂತ. ಕುದುರೆ ಗಾಡಿ ಕಾಲದ ಹೆಸರು ಅದು."

ಚಿಕ್ಕಪ್ಪ: "ಸರಿ ಸರಿ. ಗಾಜು ಇದ್ದರೂ ಕಂಬಕ್ಕೆ ಗುದ್ದುವವರು ಇದ್ದಾರೆ. ಅವರಿಗೆ ಇದೇ ವಾಸಿ."

ಗುಂಪು ಸ್ತಬ್ಧ.

ಹೊಸಬರಿಗೆ ಹೇಳಬೇಕು. ಹದಿನೆಂಟು ವರ್ಷದ ಹಿಂದಿನ ಮಾತು. ಚಿಕ್ಕಪ್ಪ ಮೊದಲ ಸಲ ಹೊಸ ಕಾರು ತಂದಿದ್ದರು. ಸೀಟಿನ ಪ್ಲಾಸ್ಟಿಕ್ ಇನ್ನೂ ತೆಗೆದಿರಲಿಲ್ಲ. ಅಕ್ಕನ ಮದುವೆಯಾಗಿ ಆರು ತಿಂಗಳು. ಹೊಸ ಅಳಿಯ, ಹೊಸ ಕಾರು. "ನೀವೇ ತೆಗೀರಿ ಅಳಿಯಂದ್ರೇ" ಅಂತ ಚಿಕ್ಕಪ್ಪನೇ ಕೀಲಿ ಕೊಟ್ಟಿದ್ದು. ಭಾವ ರಿವರ್ಸ್ ತೆಗೆದರು. ಗೇಟಿನ ಕಂಬ ಅಲ್ಲಾಡಲಿಲ್ಲ. ಕಾರಿನ ಎಡಗಡೆ ಹಿಂದಿನ ದೀಪ ಪುಡಿಯಾಯಿತು, ಬಂಪರ್ ಒಳಗೆ ಹೋಯಿತು. ಚಿಕ್ಕಪ್ಪ ಆವತ್ತು ನಕ್ಕು, "ದೃಷ್ಟಿ ಹೋಯ್ತು ಬಿಡಿ" ಅಂದರು. ಆಮೇಲೆ ಹದಿನೆಂಟು ವರ್ಷ ಬಿಡಲಿಲ್ಲ.

ಭಾವ: "ಮಾವ, ಅವತ್ತು ಹಿಂದೆ ನಿಂತವರು ಬರ್ಲಿ ಬರ್ಲಿ ಅಂದಿದ್ದರು. ಅದಕ್ಕೇ ಬಂದೆ."

ಚಿಕ್ಕಪ್ಪ: "ನಾನು ಯಾರ ಹೆಸರೂ ಹೇಳಲಿಲ್ಲವಲ್ಲ. ಆದ್ರೂ ಕುಣಿಯಲಾರದವರಿಗೆ ನೆಲ ಡೊಂಕು."

ಭಾವ: "ಬರ್ಲಿ ಅಂದದ್ದು ನನ್ನ ಕಿವಿಯಾರೆ ಕೇಳಿದೀನಿ."

ಚಿಕ್ಕಪ್ಪ: "ಸೋರ್ಸ್?"

ಒಪ್ಪಬೇಕು, ಏಟು ಬಲವಾಗಿತ್ತು. ಗುಂಡ ಒಂಬತ್ತು ನಗುವ ಮುಖ ಹಾಕಿದ. ಆಗ ಅಕ್ಕ ಗುಂಪಿಗೆ ಬಂದು ಬರೆದಳು: "ರೀ, ಸಾಕು. ಫೋನ್ ಇಡಿ." ಇಬ್ಬರೂ ಒಂದೇ ಕೋಣೆಯಲ್ಲಿ ಕೂತಿದ್ದರು ಅಂತ ಆಮೇಲೆ ಗೊತ್ತಾಯಿತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ನಾನು ಇಲ್ಲಿ ನನ್ನ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಯಾಕೆಂದರೆ ಅವತ್ತು ಕಾರಿನ ಹಿಂದೆ ನಿಂತಿದ್ದವನು ನಾನು. ನನಗೆ ಹತ್ತು ವರ್ಷ. ಹಿಂದೆ ನಿಂತು ದಾರಿ ತೋರಿಸು ಅಂತ ಯಾರೋ ಹೇಳಿದ್ದರು. ದೊಡ್ಡ ಜವಾಬ್ದಾರಿ. ಕೈ ಆಡಿಸುತ್ತಾ ಬರ್ಲಿ, ಬರ್ಲಿ, ಬರ್ಲಿ ಅಂದೆ. ಕಣ್ಣು ಮಾತ್ರ ಕಂಬದ ಮೇಲಿರಲಿಲ್ಲ.

ಎಲ್ಲಿತ್ತು ಅನ್ನೋದನ್ನು ಗುಂಡನೇ ನೆನಪಿಸಿದ, ತನಗೇ ಗೊತ್ತಿಲ್ಲದೆ. ಜಗಳ ಬಿಡಿಸೋಕೆ ಅವನು ಯಾವಾಗಲೂ ಬಾಲ್ಯ ತರುತ್ತಾನೆ. "ಲೋ, ಜಾಗ್ವಾರ್ ಅಂದ್ರೆ ನೆನಪಾಯ್ತು. ಕಾರಿನ ಕಾರ್ಡ್ ಆಡ್ತಿದ್ವಲ್ಲ, ಟಾಪ್ ಸ್ಪೀಡ್ ಹೇಳಿ ಗೆಲ್ಲೋದು? ನನ್ನ ಹತ್ರ ಇ-ಟೈಪ್ ಕಾರ್ಡ್ ಇತ್ತು. ನೀನು ನೋಡಿ ಕೊಡ್ತೀನಿ ಅಂತ ಇಸ್ಕೊಂಡೋನು ಇವತ್ತಿಗೂ ಕೊಟ್ಟಿಲ್ಲ."

ಅಲ್ಲಿಂದ ಗುಂಪು ಹಳೇ ಕಾಲಕ್ಕೆ ಜಾರಿತು. ಕಾರ್ಡಿನ ಮೂಲೆ ಮಡಚಿ ಗುರುತು ಮಾಡುತ್ತಿದ್ದವರು ಯಾರು, ಸೋತಾಗ ಅಳುತ್ತಿದ್ದವರು ಯಾರು, ರಜೆಯಲ್ಲಿ ಎಷ್ಟು ಜನ ಒಂದೇ ಕೋಣೆಯಲ್ಲಿ ಮಲಗುತ್ತಿದ್ದೆವು. ವರ್ಷದಿಂದ ಮಾತಾಡದ ಅತ್ತೆ ಬಂದು, "ಆ ಗುಲಾಬಿ ಬಣ್ಣ ಚೆನ್ನಾಗಿದೆ, ಸೀರೆಗೆ ಹೊಂದುತ್ತೆ" ಅಂತ ಬರೆದು ಹೋದರು. ಕಾರಿನ ವಿನ್ಯಾಸದ ಬಗ್ಗೆ ಇಡೀ ದಿನ ಬಂದ ಮಾತುಗಳಲ್ಲಿ ಯಾರೂ ವಿರೋಧಿಸದ ಮಾತು ಅದೊಂದೇ.

ನಾನು ಹಳೇ ಪುಸ್ತಕಗಳ ಪೆಟ್ಟಿಗೆ ತೆಗೆದೆ. ಕಾರ್ಡ್ ಸಿಕ್ಕಿತು. ಒಂದು ಮೂಲೆ ಹರಿದಿದೆ. ಕೆಂಪು ಇ-ಟೈಪ್, ಉದ್ದ ಮೂಗು, ಟಾಪ್ ಸ್ಪೀಡಿನ ಜಾಗದಲ್ಲಿ ಯಾರದೋ ಬೆರಳಿನ ಮಸಿ. ಅವತ್ತು ಒಂದು ಕೈಯಲ್ಲಿ ಬರ್ಲಿ ಅನ್ನುತ್ತಿದ್ದೆ, ಇನ್ನೊಂದು ಕೈಯಲ್ಲಿ ಇದೇ ಇತ್ತು. ಕಂಬ ನೋಡಬೇಕಾದವನು ಆ ಮೂಗು ನೋಡುತ್ತಾ ನಿಂತಿದ್ದೆ.

ರಾತ್ರಿ ಒಂಬತ್ತಕ್ಕೆ ಧೈರ್ಯ ಮಾಡಿ ಬರೆದೆ. ಅಳಿಸಿ ಬರೆದೆ, ಮತ್ತೆ ಬರೆದೆ. ಕೊನೆಗೆ ಕಳಿಸಿದ್ದು ಹೀಗಿತ್ತು: "ಚಿಕ್ಕಪ್ಪ, ಅವತ್ತು ಗಾಡಿ ಹಿಂದೆ ನಿಂತು ಬರ್ಲಿ ಅಂದದ್ದು ನಾನು. ಭಾವನ ತಪ್ಪಿಲ್ಲ. ನಾನು ಹಿಂದೆ ನೋಡ್ತಿರಲಿಲ್ಲ, ಕೈಯಲ್ಲಿದ್ದ ಕಾರ್ಡ್ ನೋಡ್ತಿದ್ದೆ. ಹದಿನೆಂಟು ವರ್ಷ ಹೇಳೋಕೆ ಆಗಲಿಲ್ಲ. ಇಬ್ಬರೂ ಕ್ಷಮಿಸಿ." ಜೊತೆಗೆ ಕಾರ್ಡಿನ ಫೋಟೋ.

ಕಾದೆ. ಚಿಕ್ಕಪ್ಪ ಮೊದಲು ಬಂದರು. "ಇದಪ್ಪಾ ಜಾಗ್ವಾರ್ ಅಂದ್ರೆ! ಪುಟ್ಟಿ, ನೋಡು, ಕಲಿ."

ದೊಡ್ಡಮ್ಮ: "ಒಳ್ಳೆಯ ಸಂದೇಶ. ಎಲ್ಲರೂ ಓದಬೇಕು."

ಗುಂಡ: "ಅದು ನನ್ನ ಕಾರ್ಡ್."

ಭಾವ ತುಂಬ ಹೊತ್ತು ಟೈಪ್ ಮಾಡುತ್ತಲೇ ಇದ್ದರು. ಹದಿನೆಂಟು ವರ್ಷ ಸುಮ್ಮನೆ ಮಾತು ಕೇಳಿಸಿಕೊಂಡ ಮನುಷ್ಯ. ಏನಾದರೂ ಅನ್ನಲಿ, ಬೈಯಲಿ, ತಡೆದುಕೊಳ್ಳೋಣ ಅಂತ ನಾನೂ ಸಿದ್ಧನಾಗಿ ಕೂತಿದ್ದೆ. ಕೊನೆಗೆ ಬಂತು.

"ಇದೂ ಫಾರ್ವರ್ಡಾ?"